ಹುಳ ಜ್ವರದಲ್ಲಿರುವಾಗ

ತಿಮ್ಮರಾಯನಪಲ್ಲಿ, ಸಾದಲಿ ಹೋಬಳಿ
೧೪ ಆಗಸ್ಟ್ ೧೯೬೧

ಅಮ್ಮನಿಗೆ ರಾಮಲಕ್ಷ್ಮಿಯ ನಮಸ್ಕಾರ.

ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ. ಇನ್ನು ನಿಜ ಬರೆಯುತ್ತೇನೆ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಈ ಊರಿನಲ್ಲಿ ಗಂಗುಲಮ್ಮ ಎಂಬ ಹೆಂಗಸಿದ್ದಾಳೆ. ಗಂಡ ಎಂದೋ ಹೋದ. ಇದ್ದವನು ಒಬ್ಬನೇ ಮಗ, ಎರ್ರಪ್ಪ. ಈಗಷ್ಟೇ ಮೀಸೆ ಚಿಗುರುತ್ತಿದ್ದವನು. ಊರ ಯಜಮಾನರಾದ ಆವುಲಪ್ಪನವರ ಹೊಸ ಬಾವಿಯಲ್ಲಿ ಬಂಡೆಗೆ ಮದ್ದಿಟ್ಟು ಸಿಡಿಸುವ ಕೆಲಸಕ್ಕೆ ಹೋಗುತ್ತಿದ್ದ. ಒಂದು ಕುಳಿಯ ಮದ್ದು ಸಿಡಿಯದೆ ಉಳಿದಿತ್ತು. ಎಲ್ಲ ಸಿಡಿದಾಯಿತು ಎಂದುಕೊಂಡು ಇಳಿದ. ಹೋದ ವಾರ ಅವನನ್ನು ಮಣ್ಣು ಮಾಡಿದರು.

ಮಣ್ಣಿಗೆ ನಾಲ್ಕಾರು ಗಂಡಸರು ಹೋದರು, ಬಂದರು, ತಲೆಗೆ ನೀರು ಹಾಕಿಕೊಂಡರು. ಅಷ್ಟೇ. ಆಮೇಲೆ ಆ ತಾಯಿಯ ಬಾಗಿಲಿಗೆ ಒಂದು ನರಪಿಳ್ಳೆ ಹೋಗಿಲ್ಲ. ಯಾಕೆ ಎಂದು ನಿನಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಊರ ತುಂಬ ರೇಷ್ಮೆಹುಳ. ಎಲ್ಲರ ಮನೆಯಲ್ಲೂ ಮೂರನೇ ಜ್ವರ ಎದ್ದು ಸೊಪ್ಪು ತಿನ್ನುತ್ತಿವೆ. ಹುಳ ಇರುವ ಮನೆಯವರು ಸಾವಿನ ಮನೆಗೆ ಹೋಗಬಾರದು. ಅತ್ತು ಬಂದವರು ಹುಳದ ತಟ್ಟೆ ಮುಟ್ಟಬಾರದು. ಗೂಡು ಕಟ್ಟಿ ಬಿಡಿಸುವ ತನಕ ಮನೆಯಲ್ಲಿ ಸತ್ತವರ ಹೆಸರೆತ್ತಬಾರದು. ನಿನ್ನಿಂದಲೇ ಕಲಿತ ಪಾಠ ಇದು, ನನಗೆ ಬಾಯಿಪಾಠವಾಗಿದೆ.

ಬೋರೆಯ ಬಾವಿಯ ಹತ್ತಿರ ಆವುಲಪ್ಪನವರ ಹೆಂಡತಿಯನ್ನು ಕೇಳಿದೆ, ಗಂಗುಲಮ್ಮನನ್ನು ಮಾತಾಡಿಸಿಕೊಂಡು ಬಂದಿರಾ ಎಂದು. "ಅಯ್ಯೋ, ಬಿಡ್ತು ಅನ್ನಮ್ಮ! ಮನೇಲಿ ಹುಳ ಐತೆ. ಗೂಡು ಬಿಡಿಸ್ಲಿ, ಆಮೇಲೆ ಎಲ್ರೂ ಹೋಗಿ ಅತ್ಬರ್ತೀವಿ" ಅಂದಳು. ನೋಡಮ್ಮ, ಗೂಡು ಬಿಡಿಸಿ, ಚೀಲಕ್ಕೆ ತುಂಬಿ, ಶಿಡ್ಲಘಟ್ಟದಲ್ಲಿ ಮಾರಿ ಬಂದು, ಕೈಕಾಲು ತೊಳೆದುಕೊಂಡು, ಬಿಡುವಾದಾಗ ಅಳುತ್ತಾರಂತೆ! ಹುಳ ಮೇವು ಬಿಟ್ಟು ಪೊರೆ ಕಳಚಲು ಮಲಗಿದರೆ ಅದನ್ನು ಜ್ವರ ಎಂದು ಕರೆದು, ಮನೆಯಲ್ಲಿ ಕೆಮ್ಮಲೂ ಹೆದರಿ ಓಡಾಡುವ ಜನ ಇವರು. ಊರ ಕೊನೆಯಲ್ಲಿ ಒಬ್ಬ ತಾಯಿ ಮಗ ಸತ್ತಾಗಿನಿಂದ ಕಣ್ಣು ಮುಚ್ಚಿಲ್ಲ, ಅದಕ್ಕೆ ಇವರ ಹತ್ತಿರ ಒಂದು ಹೆಸರೂ ಇಲ್ಲ.

ಮಂಡಲಿಯವರು ಕೆಲಸಕ್ಕೆ ಕಳಿಸಿ ನನ್ನನ್ನು ಇರಿಸಿರುವುದು ಶಾಲೆಯ ಪಕ್ಕದ ಕೋಣೆಯಲ್ಲಿ. ಇಲ್ಲಿ ಹುಳ ಇಲ್ಲ, ಹಲ್ಲಿ ಇದೆ. ಹಾಗಾಗಿ ನಾನು ಹೋದೆ. ಬೆಳಿಗ್ಗೆ ಮಕ್ಕಳಿಗೆ ಹಾಲಿನ ಪುಡಿ ಕಲಸಿ ಕೊಟ್ಟು, ಬಾಣಂತಿಯರನ್ನು ನೋಡಿಕೊಂಡು, ಆಮೇಲೆ ಅವಳ ಹತ್ತಿರ ಹೋಗಿ ಕೂರುತ್ತೇನೆ. ಹೋಗಬೇಡ ಎಂದು ಊರಿನವರು ಅಡ್ಡಡ್ಡ ತಲೆಯಾಡಿಸುತ್ತಾರೆ. ಆಡಿಸಲಿ, ಕುತ್ತಿಗೆ ಅವರದು.

ನಿನ್ನ ಮನೆಯಲ್ಲೂ ಈಗ ಹುಳ ಇರಬೇಕು. ಎಷ್ಟನೇ ಜ್ವರ ಎಂದು ನಾನು ಕೇಳುವುದಿಲ್ಲ. ಅಣ್ಣನಿಗೂ ಅತ್ತಿಗೆಗೂ ನಮಸ್ಕಾರ ಹೇಳು.

ನಿನ್ನ ಮಗಳು
ರಾಮಲಕ್ಷ್ಮಿ


ಪೆರೇಸಂದ್ರ
೨೨ ಆಗಸ್ಟ್ ೧೯೬೧

ಚಿ. ರಾಮಲಕ್ಷ್ಮಿಗೆ ನಿನ್ನ ಅಮ್ಮ ಕದಿರಮ್ಮ ಮಾಡುವ ಆಶೀರ್ವಾದ.

ಕಾಗದ ಬಂತು. ನಿಮ್ಮಣ್ಣ ಮುನಿವೆಂಕಟಪ್ಪ ಓದಿ ಹೇಳುತ್ತೇನೆ ಅಂದ. ನನಗೇನು ಕಣ್ಣು ಹೋಗಿದೆಯೇನೋ, ಕೊಡು ಇಲ್ಲಿ ಅಂತ ಕಿತ್ತುಕೊಂಡೆ. ಒಳ್ಳೆಯದೇ ಆಯಿತು. ಅವನು ಓದಿದ್ದರೆ ಮನೆಯಲ್ಲಿ ರಾಮಾಯಣ ಆಗುತ್ತಿತ್ತು.

ಏನೇ, ಹುಳ ಅಂದರೆ ಏನೂ ಗೊತ್ತಿಲ್ಲದ ಪಟ್ಟಣದವಳ ಹಾಗೆ ಬರೆದಿದ್ದೀಯ! ನಿಮ್ಮಪ್ಪ ತೀರಿಕೊಂಡ ಮೇಲೆ ನಿನ್ನ ಸ್ಲೇಟು, ನಿನ್ನ ಲಂಗ, ನಿನ್ನ ಧಾರೆ ಸೀರೆ, ಎಲ್ಲ ಬಂದದ್ದು ಆ ತಟ್ಟೆಗಳಿಂದ. ಹೊಲ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಗಂಡಸಿಲ್ಲದ ಮನೆಯ ಹೊಲ ಯಾರ ಮಾತು ಕೇಳುತ್ತದೆ? ಹುಳ ಒಂದೇ ನನ್ನ ಮಾತು ಕೇಳಿದ್ದು. ಹೊತ್ತಿಗೆ ಸೊಪ್ಪು ಹಾಕಿದರೆ ಹೊತ್ತಿಗೆ ಗೂಡು ಕಟ್ಟುತ್ತಿತ್ತು. ನಿನ್ನನ್ನು ಓದಿಸಿದ್ದೂ ಅದರಲ್ಲೇ. ಓದಿಸಿದ್ದಕ್ಕೆ ಈಗ ನನಗೇ ಪಾಠ ಹೇಳುತ್ತಿದ್ದೀಯ.

ಆ ಊರಿನವರಿಗೆ ಕರುಳಿಲ್ಲ ಅನ್ನುವ ಹಾಗೆ ಬರೆದೆ. ಅವರಿಗೆ ಕರುಳಿಲ್ಲದೆ ಅಲ್ಲ ಕಣೇ, ಹೆದರಿಕೆ. ಒಂದು ಸಲ ಹುಳ ಕೆಟ್ಟರೆ ಮನೆಯಲ್ಲಿ ಯಾರ ಮುಖ ಯಾರು ನೋಡುವುದು ಅಂತ ಆಗುತ್ತದೆ. ಹೆದರಿದವರನ್ನು ಬೈದರೆ ಧೈರ್ಯ ಬರುವುದಿಲ್ಲ. ಇನ್ನೊಂದಿಷ್ಟು ಬಾಗಿಲು ಹಾಕಿಕೊಳ್ಳುತ್ತಾರೆ.

ನಿನ್ನ ಮಂಡಲಿಯವರು ಹಾಲಿನ ಪುಡಿ ಕೊಡಲು ಕಳಿಸಿದ್ದರೆ ಹಾಲಿನ ಪುಡಿ ಕೊಡು. ಪರಸ್ಥಳದಲ್ಲಿ ಒಂಟಿ ಹೆಂಗಸು ನೀನು. ಊರನ್ನೆಲ್ಲ ಎದುರು ಹಾಕಿಕೊಂಡು ಏನು ಸಾಧಿಸುತ್ತೀಯ? ಹುಳ ಇರುವ ಮನೆಯ ಕಡೆ ಮಾತ್ರ ಸುಳಿಯಬೇಡ, ಹೇಳಿದ್ದೇನೆ.

ನೀನು ಒಂದು ಮಾತು ಬರೆಯಬೇಕು ಅಂತ ಹೊರಟು ಬರೆಯದೆ ಬಿಟ್ಟಿದ್ದೀಯ. ಅದು ನನಗೆ ಕಾಣದೆ ಇಲ್ಲ. ಬರೆಯಬೇಡ. ಆಗಿದ್ದು ಆಗಿ ಹೋಯಿತು.

ಮಳೆಯಲ್ಲಿ ತಲೆ ನೆನೆಸಿಕೊಳ್ಳಬೇಡ.

ಕದಿರಮ್ಮ


ತಿಮ್ಮರಾಯನಪಲ್ಲಿ
೫ ಸೆಪ್ಟೆಂಬರ್ ೧೯೬೧

ಅಮ್ಮನಿಗೆ ನಮಸ್ಕಾರ.

ನೀನು ಹೇಳಿದ್ದು ಆಯಿತು. ಖುಷಿಪಡು.

ಆವುಲಪ್ಪನವರ ಮನೆಯ ಹುಳಕ್ಕೆ ಸಪ್ಪೆ ರೋಗ ಬಿತ್ತು. ನಾಲ್ಕನೇ ಜ್ವರ ಎದ್ದವು ಸೊಪ್ಪು ಮೂಸಿ ನೋಡದೆ ಮೆತ್ತಗಾಗಿ, ಅರ್ಧದಷ್ಟು ತಟ್ಟೆ ತಿಪ್ಪೆಗೆ ಹೋಯಿತು. ಮಳೆಯಲ್ಲಿ ನೆಂದ ಸೊಪ್ಪನ್ನು ಒಣಗಿಸದೆ ಹಾಕಿದರು ಎಂದು ಅವರ ಮನೆಯ ಆಳುಮಕ್ಕಳೇ ಆಡಿಕೊಳ್ಳುತ್ತಿದ್ದಾರೆ. ಆದರೆ ತಪ್ಪಿತಸ್ಥೆ ಯಾರು? ನಾನು. ಸಾವಿನ ಮನೆಯಿಂದ ಬಂದು ಅವರ ಮೊಮ್ಮಗುವಿಗೆ ಹಾಲು ಕೊಟ್ಟೆನಂತೆ. ಹುಳದ ಮನೆಯ ಹೊಸ್ತಿಲು ನಾನು ತುಳಿದಿಲ್ಲ. ಅಂಗಳದಲ್ಲಿ ನಿಂತು ಲೋಟ ನೀಡಿದ್ದೇನೆ. ಅಷ್ಟಕ್ಕೇ ನನ್ನ ಗಾಳಿ ಗೋಡೆ ದಾಟಿ ಹೋಗಿ ಹುಳ ಕೊಂದಿತಂತೆ. ಇಷ್ಟು ಶಕ್ತಿ ನನಗಿದ್ದಿದ್ದರೆ ನಾನು ಇನ್ನೂ ಯಾವ್ಯಾವುದನ್ನೋ ಕೊಲ್ಲುತ್ತಿದ್ದೆ.

ದೂರು ಹೋಯಿತು. ನಮ್ಮ ಗ್ರಾಮಕಲ್ಯಾಣ ಮಂಡಲಿಯ ಕಾರ್ಯದರ್ಶಿಗಳು ಚಿಕ್ಕಬಳ್ಳಾಪುರದಿಂದ ಜೀಪಿನಲ್ಲಿ ಬಂದರು. ಆವುಲಪ್ಪನವರ ಜಗಲಿಯಲ್ಲಿ ಕೂತು ಕಾಫಿ ಕುಡಿದು ನನ್ನನ್ನು ಕರೆಸಿದರು. "ನೋಡಮ್ಮ, ಜನರ ನಂಬಿಕೆ ಮುರಿದು ಸೇವೆ ಮಾಡಕ್ಕಾಗಲ್ಲ. ಗೂಡು ಬಿಡಿಸೋವರೆಗೂ ಆ ಹೆಂಗಸಿನ ಕಡೆ ಹೋಗ್ಬೇಡಿ" ಅಂದರು.

"ಹಂಗಾದ್ರೆ ಸೇವೆ ಯಾರಿಗೆ ಸಾರ್, ಹುಳಕ್ಕಾ?" ಅಂದೆ.

ಆವುಲಪ್ಪನವರು ಮೀಸೆಯಲ್ಲೇ ನಕ್ಕರು. ಕಾರ್ಯದರ್ಶಿಗಳು ನಗಲಿಲ್ಲ. ಇನ್ನೊಂದು ದೂರು ಬಂದರೆ ಬೇರೆ ಕಡೆ ಹಾಕಬೇಕಾಗುತ್ತದೆ ಎಂದು ಹೇಳಿ ಎದ್ದರು. ಇಷ್ಟೆಲ್ಲ ಮಾತಿನಲ್ಲಿ, ಆ ಹುಡುಗ ಸತ್ತದ್ದು ಇದೇ ಯಜಮಾನರ ಬಾವಿಯಲ್ಲಿ ಎಂಬ ಮಾತು ಒಬ್ಬರ ಬಾಯಿಂದಲೂ ಬರಲಿಲ್ಲ. ಹುಳದ ನೆಪ ಒಂದಿದ್ದರೆ ಯಾವ ಬಾಗಿಲಿಗೂ ಹೋಗಿ ತಲೆ ತಗ್ಗಿಸಬೇಕಾಗಿಲ್ಲ ನೋಡು, ಎಷ್ಟು ಅನುಕೂಲ!

ನಾನು ಹೋಗುವುದನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದಾರೆ: ದುಃಖದಲ್ಲಿರುವವರ ಮುಂದೆ ನೀವು ಅಳಬಾರದು, ನಿಮ್ಮ ಕಥೆ ತೆಗೆಯಬಾರದು, ನಡುವೆ ಬಾಯಿ ಹಾಕಬಾರದು, ನೇರವಾಗಿ ಕೂತು ಪೂರ್ತಿ ಕೇಳಬೇಕು. ಹಾಗೇ ಮಾಡುತ್ತಿದ್ದೇನೆ. ಅವಳು ಮಗ ಮುದ್ದೆ ಉಣ್ಣುತ್ತಿದ್ದ ರೀತಿ ಹೇಳುತ್ತಾಳೆ, ಕೇಳುತ್ತೇನೆ. ಬಾವಿಯಿಂದ ಎತ್ತಿದಾಗ ಅವನಿಗೆ ಒಂದು ಕೈ ಇರಲಿಲ್ಲ ಎಂದು ಹೇಳುತ್ತಾಳೆ, ಕೇಳುತ್ತೇನೆ. ಕಣ್ಣು ಮಿಟುಕಿಸುವುದಿಲ್ಲ. ಈ ಕೆಲಸ ನನಗೆ ಬರುತ್ತದೆ ಅಮ್ಮ, ಚೆನ್ನಾಗಿ ಬರುತ್ತದೆ.

ಸಾದಲಿಯಿಂದ ಬಳೆ ಮಾರಲು ಬರುವ ಖತೀಜಾ ಬೀ ಮೊನ್ನೆ ಅಲ್ಲಿಗೆ ಬಂದಳು. ಬಂದವಳೇ ಬಳೆ ಮಲಾರ ಕೆಳಗಿಟ್ಟು, ಗಂಗುಲಮ್ಮನ ಕೊರಳು ತಬ್ಬಿ, ಎಂದೋ ಸತ್ತ ತನ್ನ ತಂಗಿಯ ಹೆಸರು ಹಿಡಿದು ಉರ್ದುವಿನಲ್ಲಿ ಗೋಳೋ ಎಂದು ಅಳತೊಡಗಿದಳು. ನಮ್ಮ ಕಡೆ ಹೆಂಗಸರೂ ಹೀಗೆ ಅಳುವುದನ್ನು ಕಂಡಿದ್ದೇನೆ. ಆದರೂ ಮೈ ಉರಿಯಿತು. ಸತ್ತಿರುವುದು ಇವಳ ಮಗ, ನಡುವೆ ಅವಳ ತಂಗಿ ಯಾಕೆ? ಅತ್ತು ಮುಗಿದ ಮೇಲೆ ಗಂಗುಲಮ್ಮ ಅವಳಿಗೆ ಚೊಂಬಿನಲ್ಲಿ ನೀರು ಕೊಟ್ಟಳು. ನನಗೆ ಇದುವರೆಗೆ ಒಂದು ತೊಟ್ಟು ಕೊಟ್ಟಿಲ್ಲ.

ನಿನ್ನ ಮಗಳು
ರಾಮಲಕ್ಷ್ಮಿ


ಪೆರೇಸಂದ್ರ
೧೬ ಸೆಪ್ಟೆಂಬರ್ ೧೯೬೧

ಚಿ. ರಾಮಲಕ್ಷ್ಮಿಗೆ,

ಆವುಲಪ್ಪನೂ ಬೇಡ, ಜೀಪಿನವನೂ ಬೇಡ, ಅವರನ್ನು ಅತ್ತ ಇಡು. ನಿನ್ನ ಕಾಗದದ ಕೊನೆ ಓದಿ ನನಗೆ ಮೈಯೆಲ್ಲ ಉರಿಯಿತು.

ಆ ಹೆಂಗಸಿನ ಮುಂದೆ ನೇರವಾಗಿ ಕೂತು, ಕಣ್ಣು ಮಿಟುಕಿಸದೆ, ಬಾಯಿ ಬಿಡದೆ ಕೇಳುತ್ತೀಯಂತೆ. ಪೊಲೀಸಿನವರೂ ಹಾಗೇ ಕೇಳುತ್ತಾರೆ. ಯಾವ ಮಹಾತಾಯಿ ನಿನಗೆ ಇದನ್ನು ಕಲಿಸಿದಳು? ಅವಳ ಮನೆಯಲ್ಲಿ ಯಾರೂ ಸತ್ತೇ ಇಲ್ಲವೋ?

ಆ ಬಳೆಯವಳು ಮಾಡಿದ್ದು ಸರಿ. ಸಾವಿನ ಮನೆಗೆ ಹೋಗುವವಳು ತನ್ನ ಸತ್ತವರನ್ನೂ ಜೊತೆಗೆ ಕರೆದುಕೊಂಡು ಹೋಗಬೇಕು. ಅವರನ್ನು ಇವರ ಪಕ್ಕದಲ್ಲಿ ಕೂರಿಸಬೇಕು. ನನಗೂ ಹೋಗಿದೆ, ನಿನಗೂ ಹೋಗಿದೆ, ಬಾ ಅಂತ ಕೊರಳು ಕೊಟ್ಟರೆ ಅದು ಅಳು. ನಿನ್ನದನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡು ಅವಳದನ್ನು ಮಾತ್ರ ಕೇಳಿ ಎದ್ದು ಬಂದರೆ ಅದು ಕಳ್ಳತನ. ಆ ಹೆಂಗಸು ನಿನಗೆ ನೀರು ಕೊಡದಿದ್ದದ್ದೇ ಸರಿ ಹೋಯಿತು.

ಅದು ನಿನ್ನ ಕೈಯಲ್ಲಿ ಆಗದಿದ್ದರೆ ಹೋಗಬೇಡ. ಅವಳ ಪಾಡಿಗೆ ಅವಳನ್ನು ಬಿಡು.

ಇಲ್ಲಿ ಎಲ್ಲರೂ ಆರೋಗ್ಯ. ಅತ್ತಿಗೆಗೆ ನೆಗಡಿ.

ಕದಿರಮ್ಮ


ತಿಮ್ಮರಾಯನಪಲ್ಲಿ
೩ ಅಕ್ಟೋಬರ್ ೧೯೬೧

ಅಮ್ಮ,

ನಿನ್ನ ಕಾಗದವನ್ನು ಹರಿದು ಒಲೆಗೆ ಹಾಕಿದೆ. ನನಗೆ ಅಳುವುದು ಹೇಗೆ ಎಂದು ಹೇಳಿಕೊಡಲು ಈ ಪ್ರಪಂಚದಲ್ಲಿ ನೀನೊಬ್ಬಳೇ ಸಿಕ್ಕಿದೆಯಾ ಎಂದು ಕಿರುಚಿಕೊಂಡೇ ಹಾಕಿದೆ. ಪಕ್ಕದ ಶಾಲೆಯಲ್ಲಿ ಮಗ್ಗಿ ಹೇಳುತ್ತಿದ್ದ ಮಕ್ಕಳು ನಿಲ್ಲಿಸಿಬಿಟ್ಟರು.

ಹಾಕಿ ಮುಗಿಸಿ, ಎಂದಿನಂತೆ ಗಂಗುಲಮ್ಮನ ಹತ್ತಿರ ಹೋಗಿ ಎಂದಿನಂತೆ ನೇರವಾಗಿ ಕೂತೆ. ಅವಳು ರಾಗಿ ಕೇರುತ್ತಿದ್ದಳು. ಇದ್ದಕ್ಕಿದ್ದಂತೆ ಮೊರ ನೆಲಕ್ಕೆ ಬಡಿದಳು.

"ಏನಮ್ಮ, ದಿನಾ ಬಂದು ನನ್ನ ಬಾಯೇ ನೋಡ್ಕೊಂಡು ಕೂತಿರ್ತೀಯಲ್ಲ, ನಾನೇನು ಹರಿಕಥೆ ಮಾಡ್ತಿದೀನಾ? ನನ್ನ ಮಗನ್ ಕೈ ಹೋಗಿದ್ದು ಹೇಳ್ದೆ, ಕಾಲ್ ಮುರಿದಿದ್ದು ಹೇಳ್ದೆ, ಅವನು ಹಾಲು ಕುಡ್ದಿದ್ದು ಹೇಳ್ದೆ. ಎಲ್ಲ ಕೇಳಿಸ್ಕೊಂಡು ಸೀರೆ ಕೊಡವ್ಕೊಂಡು ಎದ್ದೋಗ್ತೀಯ. ಊರೋರು ಬರಲ್ಲ, ಅದು ವಾಸಿ. ನೀನು ಬಂದೂ ಬರಲ್ಲ. ನಿನಗ್ಯಾರೂ ಸತ್ತಿಲ್ವಾ? ಸತ್ತಿದ್ರೆ ಹೇಳು. ಇಲ್ದಿದ್ರೆ ಪೋ, ಎದ್ದು ಪೋ!"

ಎದ್ದೆ. ಬಾಗಿಲವರೆಗೆ ಹೋದೆ. ಅಲ್ಲಿ ಬಾಗಿಲುವಾಡ ಹಿಡಿದು, ಅವಳ ಕಡೆ ತಿರುಗದೆಯೇ, "ಒಂದು ಹೆಣ್ಮಗು" ಅಂದೆ.

ಅವಳು ಬಂದು ನನ್ನ ತೋಳು ಹಿಡಿದು ತಿರುಗಿಸಿದಳು. ಸಿಟ್ಟು ಇನ್ನೂ ಮುಖದಲ್ಲೇ ಇತ್ತು. "ಪೇರೇಮಿ?" ಅಂದಳು. ಹೆಸರೇನು ಎಂದು ತನ್ನ ತೆಲುಗಿನಲ್ಲಿ ಕೇಳಿದ್ದು, ಇಷ್ಟೇ. ನಾನು ಬಾಯಿ ತೆರೆದೆ, ಹೆಸರು ಬರಲಿಲ್ಲ. ಹೆತ್ತ ಮಗುವಿನ ಹೆಸರು ಅಮ್ಮ, ನಾಲಿಗೆಗೆ ಮರೆತುಹೋಗಿತ್ತು! ಕೊನೆಗೆ ಬಂದಾಗ ಅದು ಎಂಥ ಕೂಗಾಗಿ ಬಂತೆಂದರೆ ನನಗೇ ನನ್ನ ದನಿ ಎಂದು ಗೊತ್ತಾಗಲಿಲ್ಲ. ಆಂಜಿನಮ್ಮ. ಗಂಗುಲಮ್ಮ ನನ್ನ ಕೊರಳು ಎಳೆದುಕೊಂಡು, "ನಾ ಎರ್ರಪ್ಪಾ, ನಾ ಆಂಜಿನಮ್ಮಾ, ಯಾಡಿಕಿ ಪೋಯಿನಾರ್ರಾ" ಎಂದು ಇಬ್ಬರನ್ನೂ ಸೇರಿಸಿ, ಎಲ್ಲಿ ಹೋದಿರೋ ಎಂದು ಕರೆದು ಅತ್ತಳು. ನನ್ನ ಮಗುವನ್ನು ಅವಳು ನೋಡಿಲ್ಲ, ಆದರೂ "ನಾ" ಅಂದಳು, ನನ್ನ ಆಂಜಿನಮ್ಮ ಎಂದು. ಅತ್ತು ಮುಗಿದ ಮೇಲೆ ನೀರು ಕೊಟ್ಟಳು.

ನೀನು ಹೇಳಿದ್ದೇ ಸರಿ. ಅದಕ್ಕೇ ನನಗೆ ಇಷ್ಟು ಕೋಪ. ನಿನಗೆ ಗೊತ್ತಿತ್ತು! ಸಾವಿಗೆ ಹೇಗೆ ಅಳಬೇಕು ಎಂದು ಅಷ್ಟು ಚೆನ್ನಾಗಿ ಗೊತ್ತಿದ್ದವಳು ನನಗೆ ಏನು ಮಾಡಿದೆ?

ನೀನು ಬರೆಯಬೇಡ ಎಂದ ಮಾತನ್ನು ಬರೆಯುತ್ತೇನೆ, ಕೇಳು. ಐವತ್ತೇ‍ಳನೇ ಇಸವಿ. ಮಗು ಹುಟ್ಟುವ ಮೊದಲೇ ಗಂಡನನ್ನು ಕಳೆದುಕೊಂಡವಳು ನಾನು. ಚಿಂತಾಮಣಿಯ ಅತ್ತೆಮನೆಯಲ್ಲಿ ಎರಡು ವರ್ಷದ ಮಗು ಗಂಟಲಮಾರಿಯಲ್ಲಿ ಉಸಿರು ಕಟ್ಟಿ ಹೋಯಿತು. ಇನ್ನು ನಿನಗೂ ನಮಗೂ ಏನಿದೆ ಎಂದು ಅವರು ಟ್ರಂಕು ಕೈಗೆ ಕೊಟ್ಟರು. ಅಮ್ಮನ ಹತ್ತಿರ ಹೋಗಿ ಬಿದ್ದುಬಿಡುತ್ತೇನೆ ಎಂದು ಬಸ್ಸಿನಲ್ಲಿ ಒಂದು ಹನಿ ಕಣ್ಣೀರು ಹಾಕದೆ ಹಿಡಿದುಕೊಂಡು ಬಂದೆ. ನೀನು ಬಾಗಿಲಿಗೆ ಬಂದೆ. ಕೈ ಅಡ್ಡ ಇಟ್ಟೆ. "ಅಲ್ಲೇ ನಿಂತ್ಕೊಳಮ್ಮ, ಒಳಗೆ ಬರ್ಬೇಡ. ಹುಳ ನಾಲ್ಕನೇ ಜ್ವರದಲ್ಲೈತೆ" ಅಂದೆ.

ಕೊಟ್ಟಿಗೆಯಲ್ಲಿ ಚಾಪೆ ಹಾಕಿಸಿದೆ. ನಾನು ಎಮ್ಮೆಯ ಪಕ್ಕ ಮಲಗಿದೆ. ನೀನು ಊಟ ತಂದು ಹೊಸ್ತಿಲಲ್ಲಿಟ್ಟು ಮುಖ ತಿರುಗಿಸಿಕೊಂಡು ಹೋಗುತ್ತಿದ್ದೆ. ಗೂಡು ಬಿಡಿಸಿದ ದಿನ ತಲೆಗೆ ನೀರು ಹಾಕಿ ಒಳಗೆ ಕರೆದೆ. ಅಂದು ಒಬ್ಬಟ್ಟು ಮಾಡಿದ್ದೆ! ಆ ಸಲದ ಗೂಡು ಚೆನ್ನಾಗಿ ಬಂದಿತ್ತು. ಎಲ್ಲರೂ ಒಬ್ಬಟ್ಟು ತಿಂದರು, ಗೂಡಿನ ಮಾತಾಡಿದರು. ಅಂದಿನಿಂದ ಇಂದಿನವರೆಗೆ ಆ ಮನೆಯಲ್ಲಿ ಯಾರೂ ಆಂಜಿನಮ್ಮ ಎಂದು ಹೇಳಿಲ್ಲ. ನೀನು ಹೇಳಿಲ್ಲ.

ಇನ್ನು ಕಾಗದ ಬರೆಯುವುದಿಲ್ಲ. ನೀನೂ ಬರೆಯಬೇಡ.

ರಾಮಲಕ್ಷ್ಮಿ


ಪೆರೇಸಂದ್ರ
೧೨ ನವೆಂಬರ್ ೧೯೬೧

ರಾಮಲಕ್ಷ್ಮಿಗೆ,

ಎರಡು ಕಾರ್ಡು ಹಾಕಿದೆ. ಉತ್ತರ ಇಲ್ಲ. ಸರಿ. ಇದನ್ನೂ ಒಲೆಗೆ ಹಾಕುವುದಾದರೆ ಓದಿ ಹಾಕು.

ಒಬ್ಬಟ್ಟು ಗೂಡಿಗೆ ಮಾಡಿದ್ದಲ್ಲ ಕಣೇ. ಕೊಟ್ಟಿಗೆಯಲ್ಲಿ ನಾನು ಇಟ್ಟ ಊಟವನ್ನು ನೀನು ಇಟ್ಟ ಹಾಗೇ ಎಮ್ಮೆಗೆ ತಳ್ಳುತ್ತಿದ್ದೆ. ಮೂಳೆ ಚಕ್ಕಳ ಆಗಿದ್ದೆ. ಚಿಕ್ಕವಳಿದ್ದಾಗ ಜ್ವರ ಬಿಟ್ಟೆದ್ದರೆ ಒಬ್ಬಟ್ಟು ಕೇಳುತ್ತಿದ್ದವಳು, ಅದಾದರೂ ತಿಂದಾಳು ಅಂತ ಕಾಳು ಬೇಯಿಸಿ ರುಬ್ಬಿದೆ. ನೀನು ಅದನ್ನೂ ಮುಟ್ಟಲಿಲ್ಲ. ನಾಲ್ಕು ವರ್ಷದಿಂದ ಆ ಒಬ್ಬಟ್ಟನ್ನು ಹೀಗೆ ಹೊಟ್ಟೆಯಲ್ಲಿಟ್ಟುಕೊಂಡು ತಿರುಗುತ್ತಿದ್ದೀಯ ಅಂತ ನನಗೇನು ಗೊತ್ತು? ನಿನಗೂ ಬಾಯಿ ಇತ್ತು. ಕೇಳಬಹುದಿತ್ತು.

ಮುಖ ತಿರುಗಿಸಿಕೊಂಡು ಹೋದೆ ಅಂದೆಯಲ್ಲ, ಹೌದು, ಹೋದೆ. ನಿನ್ನ ಮುಖ ನೋಡಿದ್ದರೆ ಅಲ್ಲೇ ಕೂತುಬಿಡುತ್ತಿದ್ದೆ. ಆಮೇಲೆ ಹುಳಕ್ಕೆ ಸೊಪ್ಪು ಹಾಕುವವರು ಯಾರು? ನಿಮ್ಮಣ್ಣನಿಗೆ ಆಗ ಮದುವೆಯೂ ಆಗಿರಲಿಲ್ಲ. ನಿನಗೆ ಊಟ ಇಟ್ಟು ಬಂದ ಪ್ರತಿ ಸಲವೂ ಬಚ್ಚಲಿಗೆ ಹೋಗಿ ತಲೆಗೆ ತಣ್ಣೀರು ಸುರಿದುಕೊಂಡೇ ತಟ್ಟೆ ಮುಟ್ಟಬೇಕಿತ್ತು. ನೀರು ಸುರಿದುಕೊಳ್ಳುವಾಗ ಅತ್ತರೆ ಯಾರಿಗೂ ಗೊತ್ತಾಗುವುದಿಲ್ಲ. ಹುಳಕ್ಕೂ ಗೊತ್ತಾಗುವುದಿಲ್ಲ. ಅದಕ್ಕೇ ಬೇಕಾದ್ದಕ್ಕಿಂತ ಹೆಚ್ಚು ಸಲ ನಿನಗೆ ಏನಾದರೂ ತರುತ್ತಿದ್ದೆ. ಒಂದು ಸಲ ಬರೀ ಉಪ್ಪಿನಕಾಯಿ ತಂದಿಟ್ಟೆ, ನೆನಪಿರಲಿಕ್ಕಿಲ್ಲ ನಿನಗೆ.

ನೀನೊಬ್ಬಳೇ ಹೆತ್ತವಳ ಹಾಗೆ ಬರೆಯುತ್ತೀಯ. ಮಗು ಹುಟ್ಟಿದ್ದು ನನ್ನ ಕೈಮೇಲೆ, ಈ ಮನೆಯಲ್ಲಿ. ಹೊಕ್ಕುಳು ಉದುರುವ ತನಕ ನಿನಗಿಂತ ಹೆಚ್ಚು ನಾನು ಎತ್ತಿಕೊಂಡಿದ್ದೇನೆ. ಅದು ಹೋದಾಗ ನನ್ನ ಕೊರಳನ್ನು ಯಾರು ಹಿಡಿದರು? ನೀನು ಹಿಡಿದೆಯಾ? ಗೂಡು ಬಿಡಿಸಿದ ಮೇಲೆ ಒಳಗೆ ಬಂದವಳು ಗೋಡೆಗೆ ಮುಖ ಹಾಕಿ ಮಲಗಿದೆ. ಎದ್ದವಳು ತರಬೇತಿಗೆ ಹೋಗುತ್ತೇನೆ ಅಂದೆ. ನಾನೂ ಕಲ್ಲಿನ ಹಾಗೆ ಹೋಗು ಅಂದೆ.

ಇಬ್ಬರಿಗೂ ಆಯಿತು. ಇನ್ನು ನೀನು ಬೈಯುವುದು ಬಾಕಿ ಇದ್ದರೆ ಬೈದು ಮುಗಿಸು. ಆದರೆ ಕಾಗದ ಬರೆಯದೆ ಇರಬೇಡ.

ಕದಿರಮ್ಮ


ತಿಮ್ಮರಾಯನಪಲ್ಲಿ
೨೮ ನವೆಂಬರ್ ೧೯೬೧

ಅಮ್ಮ,

ಓದಿದೆ. ಒಲೆಗೆ ಹಾಕಲಿಲ್ಲ.

ಉಪ್ಪಿನಕಾಯಿ ನೆನಪಿದೆ. ಊಟ ಇಲ್ಲದೆ ಬರೀ ಉಪ್ಪಿನಕಾಯಿ ಯಾಕೆ ತಂದಿಟ್ಟಳು, ಇವಳಿಗೆ ತಲೆ ಕೆಟ್ಟಿದೆಯಾ ಎಂದುಕೊಂಡಿದ್ದೆ. ಹೇಳಬಹುದಿತ್ತಲ್ಲ ಅಮ್ಮ! ಬಚ್ಚಲಲ್ಲಿ ಅತ್ತದ್ದು ನನಗೆ ಹೇಗೆ ತಿಳಿಯಬೇಕು? ಕೊಟ್ಟಿಗೆಯ ಗೋಡೆಯ ಆಚೆಗೇ ಬಚ್ಚಲು ಇದ್ದದ್ದು. ನೀರು ಬೀಳುವ ಸದ್ದು ನನಗೆ ಕೇಳುತ್ತಿತ್ತು. ನನ್ನ ಮೈಲಿಗೆ ತೊಳೆದುಕೊಳ್ಳುತ್ತಿದ್ದಾಳೆ ಎಂದು ನಾನು ಹಲ್ಲು ಕಚ್ಚಿಕೊಂಡಿದ್ದೆ.

ಇಷ್ಟುದ್ದ ಬರೆದಿದ್ದೀಯ. ಅದರಲ್ಲೂ "ಮಗು" ಎಂದಿದ್ದೀಯ, "ಅದು" ಎಂದಿದ್ದೀಯ. ಅವಳ ಹೆಸರು ಬರೆದಿಲ್ಲ. ಎರಡು ಸಲ ಹುಡುಕಿದೆ.

ಇಲ್ಲಿ ನಡೆದದ್ದು ಹೇಳುತ್ತೇನೆ. ಮೊನ್ನೆ ಆವುಲಪ್ಪನವರು ಗಂಗುಲಮ್ಮನ ಮನೆಗೆ ಬಂದರು. ಕೊನೆಗೂ! ಆಗಸ್ಟಿನ ಬೆಳೆಯ ಮೇಲೆ ಇನ್ನೊಂದು ಬೆಳೆಯ ಗೂಡೂ ಮಾರಿ ಆಗಿದೆ, ಮುಂದಿನ ಮೊಟ್ಟೆ ಇನ್ನೂ ತಂದಿಲ್ಲ. ತಟ್ಟೆ ಎಲ್ಲ ತೊಳೆದು ಬಿಸಿಲಿಗೆ ಹಾಕಿದ್ದಾರೆ. ಹೆಂಡತಿಯ ಕೈಯಲ್ಲಿ ಒಂದು ಬುಟ್ಟಿ ಅವರೆಕಾಯಿ ಹೊರಿಸಿಕೊಂಡು ಬಂದು ಅಂಗಳದಲ್ಲಿ ನಿಂತು, "ಏನ್ಮಾಡದು ತಾಯಿ, ಹಣೇಲಿ ಬರ್ದಿದ್ದು" ಎಂದು ಶುರು ಮಾಡಿದರು.

ಗಂಗುಲಮ್ಮ ಹೊಸ್ತಿಲು ದಾಟಲಿಲ್ಲ. "ಗೂಡೆಲ್ಲ ಮಾರ್ಕೊಂಡು ಬಂದ್ಯಾ ಅಣ್ಣಯ್ಯ?" ಅಂದಳು. "ಈಗ ನಿನ್ನ ಮನೇಲಿ ಕೆಡೋದು ಏನೂ ಇಲ್ಲ, ಅಲ್ವಾ? ಹುಳ ತಂದು ಬಿಡು. ಅವು ಜ್ವರಕ್ಕೆ ಬೀಳ್ಲಿ. ಆವಾಗ ಬಾ. ನಿನ್ನ ಬಾವಿಗೆ ನನ್ನ ಮಗ ಇಳ್ದಾಗ ಏನೂ ಲೆಕ್ಕ ಹಾಕಿರ್ಲಿಲ್ಲ. ನೀನೂ ಲೆಕ್ಕ ಹಾಕ್ದೆ ಬಂದ್ರೆ ಕೂತು ಅಳಣ." ಬಾಗಿಲು ಹಾಕಿಕೊಂಡಳು. ಅವರೆಕಾಯಿ ಬುಟ್ಟಿ ಹೊತ್ತ ಹಾಗೇ ವಾಪಸು ಹೋಯಿತು. ಊರಲ್ಲಿ ಅವಳಿಗೆ ಸೊಕ್ಕು ಎಂದು ಆಡಿಕೊಳ್ಳುತ್ತಿದ್ದಾರೆ. ನನಗೆ ಅವಳ ಕಾಲಿಗೆ ಬೀಳಬೇಕು ಅನ್ನಿಸಿತು.

ಅದನ್ನೇ ನಿನಗೂ ಹೇಳುತ್ತೇನೆ ಅಮ್ಮ. ಬಾ. ನನಗೆ ನಿನ್ನ ಕಾಗದ ಸಾಲದು, ನೀನು ಬಂದು ಅವಳ ಹೆಸರು ಹಿಡಿದು ನನ್ನ ಎದುರಿಗೆ ಅಳಬೇಕು. ಆದರೆ ಹುಳ ಇರುವಾಗ ಬಾ. ಗೂಡು ಬಿಡಿಸಿ, ಮಾರಿ, ಬಿಡುವು ಮಾಡಿಕೊಂಡು ಬರುವುದಾದರೆ ಬರಬೇಡ. ನಾನೂ ಬಾಗಿಲು ಹಾಕಿಕೊಳ್ಳುತ್ತೇನೆ. ಹಾಕಿಕೊಳ್ಳುವುದಿಲ್ಲ ಎಂದು ತಿಳಿಯಬೇಡ, ನಾನು ನಿನ್ನ ಮಗಳೇ.

ಆವುಲಪ್ಪನವರು ಇನ್ನೊಂದು ದೂರು ಕೊಟ್ಟಿದ್ದಾರೆ. ಜನವರಿಯಿಂದ ನನ್ನನ್ನು ಗೌರಿಬಿದನೂರಿನ ಕಡೆಗೆ ಹಾಕಿದ್ದಾರೆ. ಅಲ್ಲಿಯವರೆಗೆ ಇಲ್ಲೇ ಇರುತ್ತೇನೆ.

ರಾಮಲಕ್ಷ್ಮಿ


ಪೆರೇಸಂದ್ರ
೧೧ ಡಿಸೆಂಬರ್ ೧೯೬೧

ರಾಮಲಕ್ಷ್ಮಿಗೆ,

ಬರುವ ಶನಿವಾರ ಬರುತ್ತಿದ್ದೇನೆ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ, ಶಿಡ್ಲಘಟ್ಟದಿಂದ ಸಾದಲಿ ಬಸ್ಸು ಹಿಡಿಯುತ್ತೇನೆ. ನಿಮ್ಮೂರಿನ ದಾರಿ ಗೊತ್ತಿಲ್ಲ, ಸಾದಲಿಗೆ ಬಂದು ನಿಂತಿರು.

ಹುಳ ಶುಕ್ರವಾರ ನಾಲ್ಕನೇ ಜ್ವರಕ್ಕೆ ಬೀಳುತ್ತವೆ. ಬೇಕೆಂದೇ ಆ ಮಾರನೆಯ ದಿನ ಹಿಡಿದಿದ್ದೇನೆ. ಅವು ಜ್ವರ ಎದ್ದು ಬಕಬಕ ತಿನ್ನುವ ಹೊತ್ತಿಗೆ ನಾನು ಇಲ್ಲಿರುವುದಿಲ್ಲ. ನಿಮ್ಮಣ್ಣ ಮನೆ ಹಾರಿಹೋಗುವ ಹಾಗೆ ಕೂಗಾಡಿದ. "ಸತ್ತು ನಾಕು ವರ್ಷ ಆಯ್ತು, ಈಗೇನಮ್ಮ ಅಳೋಕೆ ಹೋಗ್ತೀಯ? ಗೂಡು ಬಿಡಿಸಿದ್ಮೇಲೆ ಹೋಗಬಾರ್ದಾ?" ಅಂದ. "ಗೂಡು ಬಿಡಿಸಿದ್ಮೇಲೆ ಒಬ್ಬಟ್ಟು ತಿನ್ನೋಕೆ ಹೋಗ್ತಾರೆ ಕಣೋ" ಅಂದೆ. ಅವನಿಗೆ ಅರ್ಥ ಆಗಲಿಲ್ಲ. ಅರ್ಥ ಆಗುವುದು ಬೇಡ.

ಅತ್ತು ಬಂದ ಮೇಲೆ ನನ್ನನ್ನು ಒಳಗೆ ಬಿಡುವುದಿಲ್ಲವಂತೆ. ಅತ್ತಿಗೆ ಈಗಲೇ ಕೊಟ್ಟಿಗೆ ಗುಡಿಸಿ ಚಾಪೆ ಹಾಕಿದ್ದಾಳೆ. ಅವಳ ತಪ್ಪಲ್ಲ, ನಾನೇ ಕಲಿಸಿದ್ದು. ಹುಳ ಕೆಟ್ಟರೆ ಇಬ್ಬರೂ ಸೇರಿ ನನ್ನ ಹೆಸರು ಹೇಳಿಕೊಂಡು ಊರ ತುಂಬ ಬೈಯುತ್ತಾರೆ. ಬೈಯಲಿ. ನನಗೂ ಒಂದು ಸಲ ಅದರ ರುಚಿ ಗೊತ್ತಾಗಲಿ.

ನಿನ್ನ ಮೇಲಿನ ಸಿಟ್ಟು ನನಗೆ ಹೋಗಿದೆ ಅಂದುಕೊಳ್ಳಬೇಡ. ಬಾಗಿಲು ಹಾಕಿಕೊಳ್ಳುತ್ತೇನೆ ಅಂತ ಹೆತ್ತ ತಾಯಿಗೆ ಬರೆಯುವಷ್ಟು ಕೊಬ್ಬು ಬಂದಿದೆ ನಿನಗೆ. ಅದನ್ನು ಬಂದು ವಿಚಾರಿಸಿಕೊಳ್ಳುತ್ತೇನೆ. ಆಮೇಲೆ ಆ ಗಂಗುಲಮ್ಮನ ಮನೆಗೂ ಕರೆದುಕೊಂಡು ಹೋಗು. ನಾನಿಲ್ಲದ ಹೊತ್ತಿನಲ್ಲಿ ನನ್ನ ಮೊಮ್ಮಗಳನ್ನು ಕರೆದು ಅತ್ತವಳು ಅವಳು.

ಎರಡು ಸಲ ಹುಡುಕಿದೆಯಾ ಹೆಸರನ್ನು? ಬರೆಯುತ್ತೇನೆ, ನೋಡು. ಆಂಜಿನಮ್ಮ. ಆ ಹೆಸರು ಇಟ್ಟವಳೇ ನಾನು. ಹಳೇ ಕಾಲದ ಹೆಸರು ಅಂತ ನೀನು ಮುಖ ಸಿಂಡರಿಸಿದ್ದೆ. ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಮೊದಲು ಹೇಳಿದ್ದೂ ನಾನೇ. ಹಾಗಾಗಿ ಮೊದಲು ಅಳುವುದು ನಾನು. ಕಾಫಿ ಗೀಫಿ ಅಂತ ಉಪಚಾರ ಮಾಡಬೇಡ. ಬಸ್ಸಿನ ಹತ್ತಿರ ಸಂತೆಯ ಜನ ಇದ್ದರೆ ಇರಲಿ, ನೋಡಲಿ. ನೀನು ಮಾತ್ರ ಕೇಳಿಸಿಕೊಳ್ಳುತ್ತಾ ನಿಲ್ಲಬೇಡ. ಕೊರಳು ಕೊಡು.

ಆಂಜಿನಮ್ಮನ ಅಜ್ಜಿ
ಕದಿರಮ್ಮ